ನಡುವಿನ ಕಾಮಾದ ಕತಿ

ಯಾವಾಗ್ಲೂ ಗುಳಂಬ, ಮೆಂತ್ಯಹಿಟ್ಟು, ಹಳೇ ಕಾಲದ ಹಿತ್ತಾಳಿ ಡಬ್ಬಿ ಅಂತ ಬರಿಯೋಕಿ ಈ ಸಲ ಕಂಪ್ಯೂಟರಿನ ಇತಿಹಾಸಕ್ಕ ಕೈ ಹಾಕೇನಿ. ವೈನಿ, ಮೌಶಿ, ಇಷ್ಟಕ್ಕ ಓದೋದು ಬಿಡಬ್ಯಾಡ್ರಿ. ನಾನೂ ಪಿ.ಯು.ಸಿ. ತನಕ ಕಲತಾಕಿನೇ. ನನ್ನ ಸೊಸಿ ದಿನಾ ಈ ಕೆಲಸ ಮಾಡ್ತಾಳ. ಆಕಿ ಹೇಳಿದ್ದು ಕೇಳಿ, ಓದಿ, ನನಗ ತಿಳಿದಷ್ಟನ್ನ ನಮ್ಮ ಮನಿ ಮಾತಿನ್ಯಾಗ ಬರದೇನಿ. ವಿಷಯ ಏನಂದ್ರ, ನಾವು ತಿಂಗಳಾ ತಿಂಗಳಾ ಬರಿಯೋ ಕಿರಾಣಿ ಯಾದಿ.

ಒಂದು ಯಾದಿ ಅದ ಅನ್ರಿ. ಅಕ್ಕಿ, ತೊಗರಿಬ್ಯಾಳಿ, ಬೆಲ್ಲ, ಜೀರಗಿ. ಹಾಳಿ ಮ್ಯಾಲೆ ಒಂದರ ಕೆಳಗ ಒಂದು ಬರದಾಗ ಯಾವ ಚಿಂತಿನೂ ಇಲ್ಲ. ಅದನ್ನೇ ವಾಟ್ಸ್ಯಾಪಿನ್ಯಾಗ ಒಂದೇ ಸಾಲಾಗಿ ಕಳಸಬೇಕಂದ್ರ ನಡುವ ಕಾಮಾ ಹಾಕಬೇಕಾಗ್ತದ. ಸಾಮಾನು ನಾಲ್ಕು, ಕಾಮಾ ಎಷ್ಟು? ಮೂರು. ಜೀರಗಿ ಆದಮ್ಯಾಲೆ ಕಾಮಾ ಹಾಕಿದ್ರ ಅಂಗಡಿಯವರು "ಇನ್ನೇನೋ ಬರೋದದ" ಅಂತ ಕಾಯ್ತಾರ. ನಮ್ಮ ಕೈ ಇದನ್ನ ತಾನಾಗೇ ಮಾಡ್ತದ. ಕಂಪ್ಯೂಟರಿಗೆ ಮಾತ್ರ ಯಾರರೇ ಬಿಡಿಸಿ ಹೇಳಬೇಕು.

ಕಂಪ್ಯೂಟರಿನ ಮಂದಿ ಒಂದೇ ಸಾಲಿಗೆ ಬಂದ ಬರವಣಿಗಿಗೆ ಸ್ಟ್ರಿಂಗ್ ಅಂತಾರ. ದಾರಕ್ಕೂ ಇಂಗ್ಲಿಷಿನ್ಯಾಗ ಅದೇ ಹೆಸರು. ಅಕ್ಷರ ಪೋಣಿಸಿದ ದಾರ ಅನ್ರಿ ಬೇಕಾದ್ರ. ನಡುವ ಬರೋ ಗುರ್ತಿಗೆ ಡಿಲಿಮಿಟರ್ ಅಂತಾರ. ಎರಡು ಹೊಲದ ನಡುವ ಬಾಂದಕಲ್ಲು ಇರ್ತದಲ್ಲ, ಹಂಗ. ಕಲ್ಲು ಎರಡು ಹೊಲದ ನಡುವ ಇರಬೇಕು, ಮತ್ತ ಕಲ್ಲು ಯಾವುದು, ಹೊಲದಾಗಿನ ಹೆಂಟಿ ಯಾವುದು ಅಂತ ಗೊತ್ತಾಗಬೇಕು. ಈ ಎರಡು ಮಾತು ಕಲಿಯೋದ್ರಾಗ ಮನುಷ್ಯಾರಿಗೆ ಎರಡು ಸಾವಿರ ವರ್ಷ ಹಿಡದದ.

ಮೊದಲನೇ ಮಾತು ರೋಮಿನ ವಿಟ್ರೂವಿಯಸ್ ಬರದಿಟ್ಟಾನ. ಕ್ರಿಸ್ತಪೂರ್ವ ಮೊದಲನೇ ಶತಮಾನದವ, ಕಟ್ಟಡದ ಶಾಸ್ತ್ರದ ಮ್ಯಾಲೆ ಹತ್ತು ಪುಸ್ತಕ ಬರದವ. ಗುಡಿಯ ಉದ್ದ ಅಗಲದ ಎರಡು ಪಟ್ಟು ಇರಬೇಕು ಅಂದ್ರ ಕಂಬ ಎರಡು ಪಟ್ಟು ಮಾಡಬ್ಯಾಡ್ರಿ, ಕಂಬಗಳ ನಡುವಿನ ಜಾಗ ಎರಡು ಪಟ್ಟು ಮಾಡ್ರಿ ಅಂತ ಅವನ ಮೂರನೇ ಪುಸ್ತಕದಾಗ ಅದ. ಕಂಬ ಎಣಿಸಿ ಎರಡು ಪಟ್ಟು ಮಾಡಿದವರ ಗುಡಿ ಒಂದು ಅಂಕಣ ಹೆಚ್ಚಾಗಿಬಿಡ್ತದಂತ. ಆರು ಕಂಬಕ್ಕ ಐದು ಅಂಕಣ, ನಾಲ್ಕು ಸಾಮಾನಿಗೆ ಮೂರು ಕಾಮಾ. ಲೆಕ್ಕ ಒಂದೇ.

ಎರಡನೇ ಮಾತು, ಅಂದ್ರ ಗುರ್ತು ಕಾಣಬೇಕು ಅನ್ನೋದು, ಬರವಣಿಗಿಯವರಿಂದ ಬಂತು. ಹಳೇ ಗ್ರೀಕರು, ರೋಮಿನವರು ಪದಗಳ ನಡುವ ಜಾಗ ಬಿಡ್ತಿದ್ದಿಲ್ಲ. ನಮ್ಮ ಹಳೇ ಶಾಸನಗಳೂ ಹಂಗೇ. ಅಕ್ಷರಕ್ಕ ಅಕ್ಷರ ಹಚ್ಚಿ ಕೆತ್ಯಾರ, ಎಲ್ಲಿ ಒಂದು ಪದ ಮುಗದು ಇನ್ನೊಂದು ಶುರು ಆತು ಅನ್ನೋದನ್ನ ಓದೋವ್ರೇ ಬಿಡಿಸ್ಕೋಬೇಕು. ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ಅರಿಸ್ಟೋಫೇನಿಸ್ ಅನ್ನೋ ಪಂಡಿತ ಕ್ರಿಸ್ತಪೂರ್ವ ಮೂರನೇ ಶತಮಾನದ ಕೊನಿ ಹೊತ್ತಿಗೆ, ಎಲ್ಲಿ ಎಷ್ಟು ಉಸಿರು ತಗೋಬೇಕು ಅಂತ ತೋರಿಸಲಿಕ್ಕೆ ಚುಕ್ಕಿ ಇಡೋ ಪದ್ಧತಿ ಮಾಡಿದ. ಸಣ್ಣ ತುಣುಕಿಗೆ ಗ್ರೀಕ್ ಭಾಷಾದಾಗ ಕೊಮ್ಮಾ ಅಂತಾರ, ಅಂದ್ರ ಕತ್ತರಿಸಿದ್ದು. ನಮ್ಮ ಕಾಮಾ ಅದೇ. ಪದಗಳ ನಡುವ ಜಾಗ ಬಿಡೋ ರೂಢಿಯನ್ನ ಏಳನೇ ಶತಮಾನದ ಹೊತ್ತಿಗೆ ಐರ್ಲೆಂಡಿನ ಕ್ರೈಸ್ತ ಸನ್ಯಾಸಿಗಳು ಬೆಳಸಿದ್ರು. ಲ್ಯಾಟಿನ್ ಅವರ ಮನಿಮಾತಾಗಿದ್ದಿಲ್ಲ, ಕೂಡಿಸಿ ಬರದದ್ದನ್ನ ಬಿಡಿಸಿ ಓದೋದು ಅವರಿಗೆ ತ್ರಾಸಾಗ್ತಿತ್ತು. ಇವತ್ತಿನ ಬಾಲ ಇರೋ ಕಾಮಾದ ರೂಪ 1490ರ ದಶಕದಾಗ ವೆನಿಸಿನ ಮುದ್ರಕ ಆಲ್ಡಸ್ ಮನೂಷಿಯಸ್‌ನ ಪುಸ್ತಕಗಳಿಂದ ಎಲ್ಲಾ ಕಡೆ ಹರಡ್ತು.

ಹಂಗಾದ್ರ ಕಾಮಾ ಬರೋಕಿಂತ ಮೊದಲ ನಮ್ಮವರು ಯಾದಿ ಹೆಂಗ ಹೇಳ್ತಿದ್ರು? "ಅಕ್ಕಿಯೂ ಬ್ಯಾಳಿಯೂ ಬೆಲ್ಲವೂ" ಅಂತ. ಹಳಗನ್ನಡದಾಗ ಅದೇ "ಉಂ" ಆಗಿತ್ತು. ನೋಡ್ರಿ, ಇಲ್ಲೆ ಗುರ್ತು ನಡುವ ಇಲ್ಲ, ಪ್ರತಿಯೊಂದರ ಬೆನ್ನಿಗೂ ಅದ. ಮೂರು ಸಾಮಾನಿಗೆ ಮೂರು "ಊ". ಮುದ್ರಣದ ಪುಸ್ತಕಗಳ ಜೋಡಿ ಇಂಗ್ಲಿಷ್ ಪದ್ಧತಿ ಬಂದು ನಾವೂ ನಡುವ ಕಾಮಾ ಹಾಕೋದು ಕಲತ್ವಿ. ಬೆನ್ನಿಗೆ ಹಚ್ಚೋದು, ನಡುವ ಇಡೋದು. ಈ ಎರಡು ದಾರಿ ನೆನಪಿಟ್ಕೋರಿ. ಕಂಪ್ಯೂಟರಿನವರೂ ಇದೇ ಎರಡು ದಾರಿ ನಡುವ ಜಗ್ಗ್ಯಾಡ್ಯಾರ.

ಈಗ ಕಂಪ್ಯೂಟರಿನ ಕತಿಗೆ ಬರೋಣ. 1930ರ ದಶಕದಾಗ ಅಮೇರಿಕಾದ ಪ್ರಿನ್ಸ್‌ಟನ್ನಿನ್ಯಾಗ ಅಲೊಂಜೊ ಚರ್ಚ್ ಅನ್ನೋ ಗಣಿತದವರು ಲ್ಯಾಂಬ್ಡಾ ಲೆಕ್ಕ ಅಂತ ಮಾಡಿದ್ರು. ಎಲ್ಲಾ ಲೆಕ್ಕವನ್ನೂ ಬರೇ ಫಂಕ್ಷನ್ನಿನಿಂದ ಮಾಡಬಹುದು ಅಂತ. ಫಂಕ್ಷನ್ ಅಂದ್ರ ಗಿರಣಿ ಇದ್ದಂಗ. ಗೋಧಿ ಹಾಕಿದ್ರ ಹಿಟ್ಟು ಬರ್ತದ, ಅದೇ ಗೋಧಿಗೆ ಯಾವಾಗ್ಲೂ ಅದೇ ಹಿಟ್ಟು. ಇನ್ನೊಂದು ಕರಾರು ಏನಂದ್ರ, ಒಮ್ಮೆ ಮಾಡಿಟ್ಟದ್ದನ್ನ ತಿದ್ದಂಗಿಲ್ಲ. ಬದಲಿ ಬೇಕಂದ್ರ ಹೊಸಾದು ಮಾಡ್ಕೋಬೇಕು. ಹಿಂಗ ಕಾರ್ಯಕ್ರಮ ಬರಿಯೋದಕ್ಕ ಮುಂದ ಫಂಕ್ಷನಲ್ ಪ್ರೋಗ್ರಾಮಿಂಗ್ ಅಂತ ಹೆಸರು ಬಂತು.

1958ರಾಗ ಎಂ.ಐ.ಟಿ.ಯ ಜಾನ್ ಮೆಕಾರ್ಥಿ ಲಿಸ್ಪ್ ಅನ್ನೋ ಭಾಷಾದ ಕೆಲಸ ಶುರು ಮಾಡಿದ್ರು. ಹೆಸರಿನ್ಯಾಗೇ ಲಿಸ್ಟ್ ಅದ, ಯಾದಿ ಸಂಬಾಳಿಸೋ ಭಾಷಾ ಅಂತ ಅರ್ಥ. ಯಾದಿ ಅಂದ್ರೇನು ಅನ್ನೋದಕ್ಕ ಅವರ ಉತ್ತರ ಭಾಳ ಸರಳ. ಯಾದಿ ಖಾಲಿ ಇರ್ತದ, ಇಲ್ಲಂದ್ರ "ಮೊದಲನೇದು" ಮತ್ತ "ಉಳಿದದ್ದು" ಅಂತ ಎರಡು ಭಾಗ ಇರ್ತದ. ಉಳಿದದ್ದೂ ಒಂದು ಯಾದಿನೇ. 1960ರಾಗ ಅಚ್ಚಾದ ಅವರ ಲೇಖನದಾಗ ಯಾದಿಯೊಳಗ ಕಾಮಾ ಹಾಕಿ ಬರದಿದ್ರು. ಆಮ್ಯಾಲೆ ಲಿಸ್ಪ್ ಬರಿಯೋವ್ರು ಕಾಮಾ ಬಿಟ್ಟು ಬರೇ ಜಾಗ ಬಿಡೋ ರೂಢಿ ಹಿಡದ್ರು.

ಯಾದಿ ಹಿಂಗ ಅಂತ ಒಪ್ಪಿದ ಮ್ಯಾಲೆ ಅದನ್ನ ಪೋಣಿಸೋದು ಮೂರೇ ಮಾತಿನ್ಯಾಗ ಮುಗೀತದ. ಯಾದಿ ಖಾಲಿ ಇದ್ರ ಉತ್ತರನೂ ಖಾಲಿ. ಒಂದೇ ಸಾಮಾನಿದ್ರ ಅದೇ ಉತ್ತರ, ಕಾಮಾದ ಗೊಡವಿ ಇಲ್ಲ. ಹೆಚ್ಚಿದ್ರ ಮೊದಲನೇದು ಬರದು, ಕಾಮಾ ಹಾಕಿ, ಉಳಿದ ಯಾದಿಯನ್ನ ಇದೇ ಪದ್ಧತಿಯಿಂದ ಪೋಣಿಸಿದ ಉತ್ತರ ಹಚ್ಚು. ಇಷ್ಟೇ. ನಾಲ್ಕು ಸಾಮಾನಿದ್ರೂ ಆತು, ನಾಲ್ಕು ಸಾವಿರ ಇದ್ರೂ ಆತು, ಕೊನಿಗೆ ಕಾಮಾ ಉಳಿಯೋ ಪ್ರಶ್ನೆನೇ ಇಲ್ಲ.

ಇದೇ ಕೆಲಸಕ್ಕ ಇನ್ನೊಬ್ಬರು ಬ್ಯಾರೆ ಕಡೆಯಿಂದ ಬಂದ್ರು. ಕೆನಡಾದಾಗ ಹುಟ್ಟಿ ಹಾರ್ವರ್ಡಿನ್ಯಾಗ ಕಲಿಸಿ ಐ.ಬಿ.ಎಂ. ಸೇರಿದ ಕೆನೆತ್ ಐವರ್ಸನ್ 1962ರ ತಮ್ಮ ಪುಸ್ತಕದಾಗ ಒಂದು ಓರೆಗೆರಿ ಬಳಸಿದ್ರು. ಕೂಡಿಸೋ ಗುರ್ತಿನ ಮುಂದ ಆ ಗೆರಿ ಎಳದು ಯಾದಿ ಕೊಟ್ರ ಪೂರಾ ಯಾದಿಯ ಮೊತ್ತ, ಗುಣಿಸೋ ಗುರ್ತಿನ ಮುಂದ ಎಳದ್ರ ಪೂರಾ ಗುಣಾಕಾರ. ಇದಕ್ಕ ಅವರು ರಿಡಕ್ಷನ್ ಅಂದ್ರು, ಆಮ್ಯಾಲೆ ಫೋಲ್ಡ್ ಅನ್ನೋ ಹೆಸರೂ ಬಂತು. ಫೋಲ್ಡ್ ಅಂದ್ರ ಮಡಚೋದು. ಉದ್ದನ್ನ ಯಾದಿಯನ್ನ ಮಡಚಿ ಮಡಚಿ ಒಂದೇ ಉತ್ತರ ಮಾಡೋದು, ಒಂಬತ್ತು ಗಜದ ಸೀರಿ ಮಡಚಿ ಕಪಾಟಿನ್ಯಾಗ ಇಟ್ಟಂಗ.

ಮುತ್ತಿನ ಸರ ಪೋಣಿಸೋದು ನೋಡಿದವರಿಗೆ ಇದು ಲಗೂ ತಿಳೀತದ. ಒಂದಕ್ಕೊಂದು ತಿಕ್ಕಬಾರದು ಅಂತ ಎರಡು ಮುತ್ತಿನ ನಡುವ ಗಂಟು ಹಾಕ್ತಾರ. ಮೊದಲನೇ ಮುತ್ತು ಹಂಗೇ ಏರಿಸೋದು. ಆಮ್ಯಾಲಿನ ಪ್ರತಿ ಸಲ "ಒಂದು ಗಂಟು, ಒಂದು ಮುತ್ತು". ಅಕ್ಕಿ ಅನ್ನೋದು "ಅಕ್ಕಿ, ತೊಗರಿಬ್ಯಾಳಿ" ಆಗ್ತದ, ಅದು "ಅಕ್ಕಿ, ತೊಗರಿಬ್ಯಾಳಿ, ಬೆಲ್ಲ" ಆಗ್ತದ. ಗಂಟು ಯಾವಾಗ್ಲೂ ಮುಂದಿನ ಮುತ್ತಿನ ಜೋಡಿನೇ ಬರೋದ್ರಿಂದ ತುದಿಗೆ ಒಂಟಿ ಗಂಟು ಉಳಿಯಂಗಿಲ್ಲ. ಒಂದು ಮಾತು ಮಾತ್ರ ಅದ. ಮುತ್ತೇ ಇಲ್ಲದಿದ್ರ "ಮೊದಲನೇ ಮುತ್ತು" ಎಲ್ಲಿಂದ ತರೋದು? ಹಂಗಾಗಿ ಹಿಂಗ ಪೋಣಿಸೋವ್ರು ಖಾಲಿ ಯಾದಿ ಬಂದ್ರ ಏನು ಮಾಡಬೇಕು ಅಂತ ಮೊದಲೇ ಹೇಳಿಡಬೇಕಾಗ್ತದ.

ಇತ್ತಕಡೆ ಉಳಿದ ಭಾಷಾದವರು ಏನು ಮಾಡ್ತಿದ್ರು? ಪ್ರತಿ ಸಾಮಾನಿನ ಬೆನ್ನಿಗೂ ಕಾಮಾ ಹಚ್ಚೋದು, ಕೊನಿಗೆ ಹೆಚ್ಚಾದ ಒಂದು ಕಾಮಾ ಕತ್ತರಿಸಿ ಒಗಿಯೋದು. ಯಾದಿ ಖಾಲಿ ಇದ್ದ ದಿನ ಕತ್ತರಿಸಲಿಕ್ಕೆ ಏನೂ ಇರ್ತಿದ್ದಿಲ್ಲ, ಕಾರ್ಯಕ್ರಮ ಮುಗ್ಗರಿಸ್ತಿತ್ತು. ನಡುವ ಇಡೋದೋ ಬೆನ್ನಿಗೆ ಹಚ್ಚೋದೋ ಅನ್ನೋ ಜಗಳ ಭಾಷಾಗಳ ವ್ಯಾಕರಣದಾಗೂ ಇತ್ತು. ನಿಕ್ಲಾಸ್ ವಿರ್ತ್ ಅವರ 1970ರ ಪ್ಯಾಸ್ಕಲ್‌ದಾಗ ಸೆಮಿಕೋಲನ್ ಎರಡು ಆಜ್ಞಾದ ನಡುವ ಬರ್ತದ. ಅದಾಗಿ ಒಂದೆರಡು ವರ್ಷಕ್ಕ ಡೆನಿಸ್ ರಿಚಿ ಮಾಡಿದ ಸಿ ಭಾಷಾದಾಗ ಅದು ಆಜ್ಞಾದ ಬೆನ್ನಿಗೆ ಬರ್ತದ. ಒಂದು ಕಾಮಾದಂಗ, ಇನ್ನೊಂದು ನಮ್ಮ "ಊ" ಇದ್ದಂಗ.

ಫಂಕ್ಷನಲ್ ಮಂದಿ ಎರಡಕ್ಕೂ ಬ್ಯಾರೆ ಬ್ಯಾರೆ ಹೆಸರಿಟ್ಟು ಜಗಳ ಮುಗಿಸಿದ್ರು. 1987ರಾಗ ಅಮೇರಿಕಾದ ಪೋರ್ಟ್‌ಲ್ಯಾಂಡಿನ್ಯಾಗ ಸೇರಿದ ಪಂಡಿತರು ಎಲ್ಲಾರಿಗೂ ಒಂದು ಭಾಷಾ ಮಾಡೋಣು ಅಂತ ನಿಶ್ಚಯ ಮಾಡಿದ್ರು. 1990ರಾಗ ಅದರ ಮೊದಲನೇ ವರದಿ ಹೊರಗ ಬಂತು. ಹಾಸ್ಕೆಲ್ ಕರಿ ಅನ್ನೋ ಗಣಿತದವರ ಹೆಸರೇ ಭಾಷಾಕ್ಕೂ ಇಟ್ರು, ಹಾಸ್ಕೆಲ್ ಅಂತ. ಅದರೊಳಗ ಅನ್‌ವರ್ಡ್ಸ್ ಅನ್ನೋದು ಪದಗಳ ನಡುವ ಮಾತ್ರ ಜಾಗ ಬಿಡ್ತದ, ಕೊನಿಗೆ ಬಿಡಂಗಿಲ್ಲ. ಅನ್‌ಲೈನ್ಸ್ ಅನ್ನೋದು ಪ್ರತಿ ಸಾಲಿನ ಬೆನ್ನಿಗೂ ಸಾಲು ಮುಗದ ಗುರ್ತು ಹಚ್ತದ, ಕೊನೇ ಸಾಲಿಗೂ.

ಇನ್ನ ನಮ್ಮ ಕಾಮಾದ ಕೆಲಸಕ್ಕ ಹಾಸ್ಕೆಲ್‌ದಾಗ ಇರೋ ಹೆಸರು ಕೇಳಿ ನನಗ ಭಾಳ ಖುಷಿ ಆತು. ಅದಕ್ಕ ಇಂಟರ್‌ಕ್ಯಾಲೇಟ್ ಅಂತಾರ. ಲ್ಯಾಟಿನ್ನಿನಿಂದ ಬಂದ ಈ ಶಬ್ದದ ಮೂಲ ಅರ್ಥ, ಪಂಚಾಂಗದಾಗ ಹೆಚ್ಚಿನ ದಿನ, ಹೆಚ್ಚಿನ ತಿಂಗಳು ನಡುವ ಸೇರಿಸೋದು. ಅಂದ್ರ ನಮ್ಮ ಅಧಿಕ ಮಾಸ! ಅಳಿಯಂದ್ರಿಗೆ 33 ಅನಾರಸ ಕೊಡೋ ಆ ಮಾಸವನ್ನ ಇಂಗ್ಲಿಷಿನವರು ಕರಿಯೋದೂ ಇದೇ ಶಬ್ದದಿಂದ. ಎರಡು ತಿಂಗಳ ನಡುವ ಅಧಿಕ ಮಾಸ ಬಂದಂಗ ಎರಡು ಸಾಮಾನಿನ ನಡುವ ಕಾಮಾ.

ಪೋಣಿಸೋದ್ರಾಗ ಖರ್ಚಿನ ಮಾತೂ ಅದ. ಮಾಡಿಟ್ಟದ್ದನ್ನ ತಿದ್ದಂಗಿಲ್ಲ ಅಂದ ಮ್ಯಾಲೆ, ಕೊನಿಗೆ ಒಂದು ಸಾಮಾನು ಹಚ್ಚಬೇಕಂದ್ರ ಹಿಂದಿನದೆಲ್ಲಾ ಹೊಸಾ ಹಾಳಿ ಮ್ಯಾಲೆ ನಕಲು ಮಾಡಬೇಕು. ಒಂದೊಂದೇ ಅಕ್ಷರದ 1000 ಸಾಮಾನು ಹಿಂಗ ಹಚ್ಚಿದ್ರ, ಕಾಮಾ ಬಿಟ್ಟು, ಒಟ್ಟು 5,00,500 ಅಕ್ಷರ ಬರದಂಗಾಗ್ತದ. ಅದರ ಬದಲಿ ಎಲ್ಲಾ ತುಣುಕು ತಯಾರ ಇಟ್ಕೊಂಡು ಒಂದೇ ಸಲ ಬರದ್ರ ಸಾವಿರಕ್ಕ ಮುಗೀತು. ಹಂಗಾಗಿ ಬ್ಯಾರೆ ಭಾಷಾಗಳೂ ಸಾವಕಾಶ ಪೋಣಿಸೋ ಕೆಲಸಕ್ಕ ಅಂತ ತಯಾರ ಅಸ್ತ್ರ ಕೊಟ್ವು. ಪೈಥಾನಿನ್ಯಾಗ ಇವತ್ತಿನ ರೂಪದ ಜಾಯಿನ್ 2000ದಾಗ ಬಂತು. ಅಲ್ಲೆ ಕಾಮಾಕ್ಕೇ ಹೇಳೋದು, "ನೀನು ಹೋಗಿ ಈ ಯಾದಿ ನಡುವ ಕೂಡು" ಅಂತ. 1995ರಾಗ ಹೊರಗ ಬಂದ ಜಾವಾ ಇದಕ್ಕ 2014ರ ತನಕ ಕಾಯ್ತು. ಫಂಕ್ಷನಲ್ ಪದ್ಧತಿ ತನ್ನೊಳಗ ತಗೊಂಡ ಅದೇ ಆವೃತ್ತಿಯೊಳಗ ಪೋಣಿಸೋದೂ ಬಂತು.

ಇಷ್ಟೆಲ್ಲಾ ಆದಮ್ಯಾಲೂ ಒಂದು ಕಷ್ಟ ಉಳೀತು. ಸಾಮಾನಿನ ಹೆಸರಿನ್ಯಾಗೇ ಕಾಮಾ ಇದ್ರ? ನಮ್ಮ ಭಜನಾ ಮಂಡಳಿಯವರು ಯಾತ್ರಾಕ್ಕ ಹೋಗೋ ಮುಂದ ಬಸ್ಸಿನವರಿಗೆ ಎಲ್ಲಾರ ಹೆಸರು, ವಿಳಾಸ, ಫೋನ್ ನಂಬರ್ ಕೊಟ್ಟಿದ್ವಿ. ಅವರು ಕಂಪ್ಯೂಟರಿಗೆ ಹಾಕಿ ಕಾಮಾದಿಂದ ಪೋಣಿಸಿದ್ರು. ವಿಳಾಸದಾಗ "ಎರಡನೇ ಮಜಲೆ, ಮೂರನೇ ಕ್ರಾಸ್" ಅಂತ ಕಾಮಾ ಇದ್ದವರದು ಒಂದೊಂದು ಮನಿ ಮುಂದ ಸರದು, ಫೋನ್ ನಂಬರಿನ ಜಾಗಾದಾಗ "ಮೂರನೇ ಕ್ರಾಸ್" ಬಂದು ಕೂತಿತ್ತು. ಬಸ್ಸು ಎರಡು ತಾಸು ತಡಾ ಅನ್ನೋ ಸಂದೇಶ ಅವರಿಗೆ ಮುಟ್ಟಲೇ ಇಲ್ಲ. ಎಪ್ಪತ್ತು ದಾಟಿದವರೊಬ್ಬರು ನಸಿಕಿನ್ಯಾಗ ಚಳಿಯೊಳಗ ಚೀಲ ಹಿಡಕೊಂಡು ನಿಂತಿದ್ರು. ಬಾಂದಕಲ್ಲು ಯಾವುದು, ಹೊಲದಾಗಿನ ಹೆಂಟಿ ಯಾವುದು ಗೊತ್ತಾಗದಿದ್ರ ಹಿಂಗೇ ಆಗೋದು.

ಮಜಾ ಅಂದ್ರ ಇದಕ್ಕ ಔಷಧ 1960ರ ದಶಕದಾಗೇ ಇತ್ತು. ಅಕ್ಷರಗಳಿಗೆ ನಂಬರ್ ಕೊಟ್ಟ ಆಸ್ಕಿ ಅನ್ನೋ ಪಟ್ಟಿಯೊಳಗ 28ರಿಂದ 31ರ ತನಕ ನಾಲ್ಕು ನಂಬರನ್ನ ಬರೇ ನಡುವ ಇಡೋ ಗುರ್ತುಗಳ ಸಲುವಾಗಿ ತಗದಿಟ್ಟಾರ. ಯಾವ ಹೆಸರಿನ್ಯಾಗೂ ಬರದ ಗುರ್ತು ಅವು. ಆದ್ರ ಕೀಲಿಮಣಿ ಮ್ಯಾಲೆ ಅವಕ್ಕ ಗುಂಡಿ ಇಲ್ಲ, ಪರದೆ ಮ್ಯಾಲೆ ಕಾಣಂಗಿಲ್ಲ, ಮಂದಿ ಕೈಗೆ ಸಿಗೋ ಕಾಮಾನೇ ಹಿಡದ್ರು. ಕಾಮಾದಿಂದ ಪೋಣಿಸಿದ ಕಡತಕ್ಕ ಸಿ.ಎಸ್.ವಿ. ಅಂತಾರ. 1972ರ ಹೊತ್ತಿಗೆ ಐ.ಬಿ.ಎಂ.ನ ಫೋರ್ಟ್ರಾನ್ ಭಾಷಾದಾಗ ಹಿಂಗ ಕಾಮಾ ಹಾಕಿ ಮಾಹಿತಿ ಕೊಡೋ ಅನುಕೂಲ ಇತ್ತು. ಅದರ ನಿಯಮ ಇಂತಿಂಥಾದ್ದು ಅಂತ ಎಲ್ಲಾರೂ ನೋಡೋ ಹಂಗ ಬರದಿಟ್ಟ ದಾಖಲಿ ಬಂದದ್ದು ಮಾತ್ರ 2005ರ ಅಕ್ಟೋಬರಿನ್ಯಾಗ. ಒಳಗ ಕಾಮಾ ಇದ್ರ ಆ ಸಾಮಾನಿಗೆ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕ್ರಿ, ಒಳಗ ಉದ್ಧರಣ ಚಿಹ್ನೆನೇ ಇದ್ರ ಅದನ್ನ ಎರಡು ಸಲ ಬರೀರಿ ಅಂತ ಅದರಾಗ ಅದ. ಜರ್ಮನಿಯಂಥಾ ದೇಶದಾಗ ದಶಾಂಶದ ಚುಕ್ಕಿ ಬದಲಿ ಕಾಮಾ ಬರೀತಾರ, ಹಂಗಾಗಿ ಅಲ್ಲಿ ಕಡತಗಳೊಳಗ ನಡುವ ಸೆಮಿಕೋಲನ್ ಹಾಕ್ತಾರ.

ಕಂಪ್ಯೂಟರ್ ಇಲ್ಲದ ಜಾಗಾದಾಗೂ ಒಂದು ಕಾಮಾ ಎಷ್ಟು ತೂಗ್ತದ ಅನ್ನೋದಕ್ಕ ಅಮೇರಿಕಾದ ಮೇನ್ ರಾಜ್ಯದ ಒಂದು ಖಟ್ಲೆ ಅದ. ಯಾವ ಯಾವ ಕೆಲಸಕ್ಕ ಹೆಚ್ಚಿನ ಹೊತ್ತಿನ ಪಗಾರ ಕೊಡಬೇಕಾಗಿಲ್ಲ ಅಂತ ಅಲ್ಲಿನ ಕಾಯ್ದೆಯೊಳಗ ಒಂದು ಯಾದಿ ಇತ್ತು. ಡಬ್ಬಿ ತುಂಬೋದು, ಒಣಗಿಸೋದು, ಕೂಡಿಡೋದು ಅಂತ ಹೋಗಿ, ಕೊನಿಗೆ ಸಾಗಾಟಕ್ಕ ಅಥವಾ ಹಂಚಿಕಿಗೆ ಕಟ್ಟೋದು ಅನ್ನೋ ಹಂಗ ಮುಗೀತಿತ್ತು, "ಅಥವಾ"ದ ಮೊದಲ ಕಾಮಾ ಇದ್ದಿಲ್ಲ. ಹಂಚೋದು ಅನ್ನೋದು ಬ್ಯಾರೆ ಸಾಮಾನೋ, ಇಲ್ಲಾ ಕಟ್ಟೋದರ ಒಳಗಿನ ಮಾತೋ? ಓಕ್‌ಹರ್ಸ್ಟ್ ಡೇರಿಯ ಗಾಡಿ ಹೊಡಿಯೋವ್ರು ಹಾಲು ಹಂಚ್ತಿದ್ರು, ಕಟ್ತಿದ್ದಿಲ್ಲ. 2017ರ ಮಾರ್ಚಿನ್ಯಾಗ ಮೇಲ್ಮನವಿ ಕೋರ್ಟು ಮಾತು ಸ್ಪಷ್ಟ ಇಲ್ಲ ಅಂತ ಅವರ ಕಡೆ ನಿಂತಿತು. 2018ರಾಗ 50 ಲಕ್ಷ ಡಾಲರಿಗೆ ರಾಜಿ ಆತು. ಅಷ್ಟರಾಗ ಆ ರಾಜ್ಯದವರು ಕಾಯ್ದೆಯ ಯಾದಿಯೊಳಗ ಕಾಮಾ ತಗದು ಸೆಮಿಕೋಲನ್ ಹಾಕಿಬಿಟ್ಟಿದ್ರು.

ಈ ಇತಿಹಾಸದಿಂದ ನಾವು ಕಲೀಬೇಕಾದ್ದು ಏನು? ಪೋಣಿಸೋದು ಸುಲಭ, ಬಿಚ್ಚೋದು ಕಠಿಣ. ಖಾಲಿ ಯಾದಿ ಪೋಣಿಸಿದ್ರೂ ಖಾಲಿ ಸಾಲು, ಹೆಸರೇ ಬರೀದ ಒಂದು ಸಾಮಾನು ಪೋಣಿಸಿದ್ರೂ ಖಾಲಿ ಸಾಲು. ಆಮ್ಯಾಲೆ ನೋಡಿದವರಿಗೆ ಯಾವುದು ಯಾವುದು ಅಂತ ತಿಳಿಯಂಗಿಲ್ಲ. ಅದಕ್ಕೇ ಸೊಸಿಯ ಕೆಲಸದವರು ಯಾದಿಯನ್ನ ಆದಷ್ಟು ಹೊತ್ತು ಯಾದಿಯಾಗೇ ಇಡ್ತಾರ. ಆರಿಸೋದು, ಹಸನ ಮಾಡೋದು, ಲೆಕ್ಕ ಮಾಡೋದು ಎಲ್ಲಾ ಬಿಡಿ ಬಿಡಿ ಇದ್ದಾಗೇ ಮುಗಿಸ್ತಾರ. ಹೊರಗ ಕಳಸೋ ಹೊತ್ತಿಗೆ, ಬಾಗಲದಾಗ ನಿಂತು, ಕಾಮಾ ಹಾಕಿ ಪೋಣಸ್ತಾರ.

ನಮಗೂ ಇದು ಉಪಯೋಗದ ಮಾತೇ. ಮುಂಜಿವಿ, ಮದವಿ, ಸತ್ಯನಾರಾಯಣ ಪೂಜಾ ಅಂತ ಮಂದಿ ಹೆಸರು, ವಿಳಾಸ ಯಾರಿಗರೇ ಬರದು ಕೊಡೋದು ಇದ್ದದ್ದೇ. ಒಬ್ಬರಿಗೆ ಒಂದು ಸಾಲು ಕೊಡ್ರಿ, ಹೆಸರು ಬ್ಯಾರೆ, ವಿಳಾಸ ಬ್ಯಾರೆ, ನಂಬರ್ ಬ್ಯಾರೆ ಮನಿಯೊಳಗ ಬರೀರಿ. ಒಂದೇ ಸಾಲಾಗಿ ಕೊಡು ಅಂತ ಯಾರರೇ ಅಂದ್ರ, ವಿಳಾಸದಾಗ ಕಾಮಾ ಅದನೋ ಅಂತ ಒಮ್ಮೆ ಕಣ್ಣಾಡಸ್ರಿ, ಇದ್ರ ನಡುವ ಬ್ಯಾರೆ ಗುರ್ತು ಹಾಕ್ರಿ. ಕಳಸೋ ಮೊದಲ ಎಷ್ಟು ಮಂದಿ ಇದ್ರು, ಎಷ್ಟು ಬಂದಾರ ಅಂತ ಎಣಿಸ್ರಿ. ಯಾರ ಹೆಸರೂ ಇನ್ನೊಬ್ಬರ ಹೆಸರಿನ್ಯಾಗ ಕೂಡಿ ಕಳದು ಹೋಗಬಾರದು.

ಮುಂದಿನ ಸಲ ಮತ್ತ ಅಡಿಗಿಮನಿಗೇ ಬರ್ತೇನಿ, ಅಗಸಿ ಚಟ್ನಿಪುಡಿ ಬರಿಯೋದು ಬಾಕಿ ಅದ. ಬರ್ಲೇನ್ರಿ?